ಅತ್ತೆ ತಳ್ಳಿಹಾಕಿದ ಹೊಗಳಿಕೆ

ನಮ್ಮ ಮನೆತನದಲ್ಲಿ ಒಬ್ಬರನ್ನು ಹೊಗಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಅಪ್ಪ ಊಟ ಮುಗಿಸಿ ‘ಪರವಾಗಿಲ್ಲ’ ಎಂದರೆ ಅಮ್ಮ ವಾರವಿಡೀ ಖುಷಿಯಾಗಿರುತ್ತಿದ್ದಳು. ಅಂಥ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ, ನನ್ನ ಸೋದರತ್ತೆ, ಬಾಯಿ ತುಂಬ ಹೊಗಳುವುದನ್ನು ಎಲ್ಲಿಂದ ಕಲಿತಳೋ ಎಂದು ಬಹಳ ದಿನ ನನಗೆ ಬಗೆಹರಿದಿರಲಿಲ್ಲ.

ಅತ್ತೆಯದು ರಫು ಕೆಲಸ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂಬದಿ ಕೋಣೆ, ಕಿಟಕಿ ಪಕ್ಕದ ಮೇಜು, ಮೈತುಂಬ ಸೂಜಿ ಚುಚ್ಚಿಕೊಂಡ ಪುಟ್ಟ ದಿಂಬು. ಸಿಗರೇಟು ಸುಟ್ಟ ಕೋಟೋ ಇಲಿ ಕಡಿದ ಶಾಲೋ ಬಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಎಳೆಗೆ ಎಳೆ ನೇಯ್ದು ತೂತು ಮುಚ್ಚುತ್ತಾಳೆ. ಚೆನ್ನಾಗಿ ಮಾಡಿದಷ್ಟೂ ಯಾರ ಕಣ್ಣಿಗೂ ಬೀಳದ ಕೆಲಸ. ಹೊಗಳುವವರು ಎಲ್ಲಿಂದ ಬರಬೇಕು?

ಸೈಕಲ್ ಅಂಗಡಿಯ ಮಹಡಿಯ ಮೇಲಿನ ಧ್ಯಾನದ ಕೋಣೆಗೆ ಅವಳು ಹನ್ನೊಂದು ವರ್ಷದಿಂದ ಭಾನುವಾರ ತಪ್ಪದೆ ಹೋಗುತ್ತಾಳೆ. ಅಲ್ಲಿನ ಬೌದ್ಧ ಭಿಕ್ಷುಣಿ ಕಲಿಸಿದ್ದು ಮುದಿತೆ. ಅಂದರೆ ಇನ್ನೊಬ್ಬರ ಒಳ್ಳೆಯದನ್ನು ಕಂಡು ಹೊಟ್ಟೆಕಿಚ್ಚಿಲ್ಲದೆ ಸಂತೋಷಪಡುವುದು, ಅದನ್ನು ಬಾಯಿಬಿಟ್ಟು ಹೇಳುವುದು. ಅತ್ತೆ ಅದನ್ನೂ ರಫುವಿನಷ್ಟೇ ಅಚ್ಚುಕಟ್ಟಾಗಿ ಮಾಡುತ್ತಾಳೆ. ಸುಮ್ಮನೆ ‘ಚೆನ್ನಾಗಿದೆ’ ಎಂದು ಸಾಗಹಾಕುವುದಿಲ್ಲ. ಇಸ್ತ್ರಿಯವನಿಗೆ, “ಕಾಲರ್ ತಿರುವಲ್ಲಿ ಒಂದೂ ಸುಕ್ಕಿಲ್ಲ ಕಣಪ್ಪಾ” ಎನ್ನುತ್ತಾಳೆ. ಆ ಸಿಡುಕುಮೂತಿಯ ಮನುಷ್ಯ ಅವತ್ತೆಲ್ಲ ಸಿಳ್ಳೆ ಹಾಕುತ್ತಾನೆ. ನಾನೇ ಕಂಡಿದ್ದೇನೆ.

ಆದರೆ ತನ್ನನ್ನು ಯಾರಾದರೂ ಹೊಗಳಿದರೆ? ನೊಣ ಓಡಿಸುವಂತೆ ಕೈ ಬೀಸುತ್ತಿದ್ದಳು. ಹೊಗಳಿಕೆ, ತೆಗಳಿಕೆ ಎರಡನ್ನೂ ಅಂಟಿಸಿಕೊಳ್ಳಬಾರದೆಂದು ಅದೇ ಮಹಡಿಯ ಮೇಲೆ ಕೇಳಿದ್ದಳಂತೆ. ಕೇಳಿದ್ದರಲ್ಲಿ ಅರ್ಧವನ್ನು ಮಾತ್ರ ಪಾಲಿಸುತ್ತಿದ್ದಳು.

ಹೋದ ವರ್ಷ ಒಬ್ಬ ಹೆಂಗಸು ಅವಳ ಹತ್ತಿರ ಕೆಲಸ ಕಲಿಯಲು ಸೇರಿದಳು. ನಲವತ್ತು ದಾಟಿದವಳು, ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡಿದ್ದಳು. ಐದು ತಿಂಗಳಾದರೂ ಅವಳ ರಫು ಗಂಟು ಗಂಟಾಗಿ ಎದ್ದು ಕಾಣುತ್ತಿತ್ತು. ಅತ್ತೆಯ ಕಣ್ಣಿಗೋ ಪೊರೆ ಬರುತ್ತಿತ್ತು. ಇವಳು ಕಲಿಯದಿದ್ದರೆ ಈ ವಿದ್ಯೆ ತನ್ನೊಂದಿಗೇ ಮುಗಿಯಿತು ಎಂಬ ಚಿಂತೆ ಅವಳಿಗೆ. ಒಂದು ಮಧ್ಯಾಹ್ನ ಆಕೆ ಅತ್ತೆ ಮುಗಿಸಿದ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿ, “ಎಲ್ಲಿತ್ತಕ್ಕಾ ತೂತು? ಎಂಥ ಕೈ ನಿಮ್ದು!” ಎಂದಳು.

ಅತ್ತೆಯ ಕೈ ಬೀಸಿತು. “ಅಯ್ಯೋ, ಇದೇನ್ ಮಹಾ! ಕಣ್ಣು ಮುಚ್ಕೊಂಡು ಯಾರ್ ಬೇಕಾದ್ರೂ ಮಾಡ್ತಾರೆ.”

ಮರುದಿನ ಆಕೆ ಬರಲಿಲ್ಲ. ಅದರ ಮರುದಿನ ಇಸ್ತ್ರಿಯವನ ಹತ್ತಿರ ಹೇಳಿಕಳಿಸಿದಳು: “ಯಾರ್ ಬೇಕಾದ್ರೂ ಮಾಡೋ ಕೆಲ್ಸ ನನ್ ಕೈಲಾಗ್ತಿಲ್ಲ ಅಂದ್ಮೇಲೆ, ನಾನಲ್ಲಿ ಯಾಕೆ ಕೂತಿರ್ಬೇಕು?”

ಅತ್ತೆ ಮಂಕಾದಳು. ನನ್ನನ್ನೂ ಎಳೆದುಕೊಂಡು ಭಿಕ್ಷುಣಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದಳು. ಅವರು ತಮ್ಮ ಭಿಕ್ಷಾಪಾತ್ರೆಯನ್ನು ತೋರಿಸಿ, “ನಾನು ಇದಕ್ಕೆ ಮುಚ್ಚಳ ಹಾಕ್ಕೊಂಡು ನಿಂತ್ರೆ, ಊಟ ತಂದವರು ಏನ್ ಮಾಡ್ಬೇಕಮ್ಮಾ?” ಎಂದರು. ಆಮೇಲೆ ನಕ್ಕರು. “ಬೈದ್ರೆ ಹತ್ತು ದಿನ ಇಟ್ಕೋತೀಯ, ಹೊಗಳಿದ್ರೆ ಮಾತ್ರ ಅಂಟಿಸ್ಕೊಳ್ಳಲ್ಲ. ಇದ್ಯಾವ ಸಮಭಾವ?”

ಅಲ್ಲಿಂದ ನೇರ ಆಕೆಯ ಮನೆಗೆ ಹೋದೆವು. ಆಕೆ ಬಾಗಿಲನ್ನು ಅರ್ಧವೇ ತೆರೆದು ನಿಂತಳು.

“ಮೊನ್ನೆ ಕೋಟು ನೋಡಿ ಏನೋ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು” ಎಂದಳು ಅತ್ತೆ.

ಆಕೆ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. “ಎಂಥ ಕೈ ನಿಮ್ದು ಅಂದೆ.”

ಅತ್ತೆಯ ಕೈ ಹಳೆಯ ಚಾಳಿಯಂತೆ ಮೇಲೆದ್ದಿತು. ಅರ್ಧಕ್ಕೇ ನಿಂತಿತು. ಮೆಲ್ಲಗೆ ಎದೆಯ ಬಳಿ ಇಳಿದು ಇನ್ನೊಂದು ಕೈಯನ್ನು ಕೂಡಿತು. ಅರವತ್ತೆರಡು ವರ್ಷದ ಹೆಂಗಸು ಶಾಲೆಯ ಹುಡುಗಿಯಂತೆ ಕೆಂಪಾಗಿದ್ದಳು.

“ತುಂಬಾ ಸಂತೋಷ ಆಯ್ತು ಕಣೇ. ಹೌದು, ಕೈ ಚೆನ್ನಾಗಿದೆ. ಹೀಗಾಗೋಕೆ ಆರು ವರ್ಷ ಹಿಡೀತು. ಮೊದಲ್ನೇ ವರ್ಷ ನಾನ್ ಮಾಡಿದ್ದೆಲ್ಲ ನಿನ್ನದಕ್ಕಿಂತ ಗಂಟು.”

ಹೊಗಳಿಸಿಕೊಳ್ಳಲು ಇಷ್ಟು ಧೈರ್ಯ ಬೇಕೆಂದು ನನಗೆ ಗೊತ್ತೇ ಇರಲಿಲ್ಲ.

“ಆರು ವರ್ಷಾನಾ ಅಕ್ಕಾ?” ಎಂದು ಆಕೆ ಎರಡು ಸಲ ಕೇಳಿದಳು. ಆಮೇಲೆ ಒಳಗೆ ಹೋಗಿ ತನ್ನ ಸೂಜಿಡಬ್ಬಿ ತೆಗೆದುಕೊಂಡು ಬಂದಳು.