ಒಂದೇ ಸಲದ ಪ್ರವೇಶ

ಬಸ್ಸಿನಲ್ಲಿದ್ದ ಮೂವತ್ತೊಂದು ಜನರಲ್ಲಿ ವೀಸಾ ಬೇಕಾದವಳು ನಾನೊಬ್ಬಳೇ ಎಂಬುದು ನನಗೆ ಹೊಳೆದದ್ದು ಕ್ರೊಯೇಷಿಯಾದ ಗಡಿಯಲ್ಲಿ. ಅಷ್ಟು ಹೊತ್ತಿಗೆ ನನ್ನ ಪಾಸ್‌ಪೋರ್ಟು ನನ್ನ ಕೈಯಲ್ಲಿರಲಿಲ್ಲ.

ಅದು ನನ್ನ ಅತ್ತೆಗೆ ಎಪ್ಪತ್ತು ತುಂಬಿದ ಸಂಭ್ರಮದ ಪ್ರವಾಸ. ಬೀಜ ವಿಜ್ಞಾನ ಓದಲು ದಂಡಿಗನಹಳ್ಳಿಯಿಂದ ಕೊರಿಯಾದ ದೇಗು ನಗರಕ್ಕೆ ಹೋದ ನಾನು, ಸಹಪಾಠಿಯನ್ನೇ ಮದುವೆಯಾಗಿ ಅಲ್ಲೇ ಉಳಿದಿದ್ದೆ. ಗಂಡನಿಗೆ ರಜೆ ಸಿಗದೆ ಅತ್ತೆಯ ಜೊತೆಗೆ ನಾನು ಹೊರಟೆ. ಅತ್ತೆಯನ್ನು ಅಲ್ಲಿ 'ಒಮೊನಿಮ್' ಅನ್ನುತ್ತಾರೆ. ಗೌರವ ಸೇರಿಸಿ ತಾಯಿ ಎಂದ ಹಾಗೆ. ಮೊದಲ ಚಳಿಗಾಲದಲ್ಲಿ, ಅಡಿಯಿಂದ ಬಿಸಿಯಾಗುವ 'ಒಂದೊಲ್' ನೆಲದ ಮೇಲೆ ಮುಸುಕು ಹೊದ್ದು ಅಳುತ್ತಿದ್ದ ನನ್ನನ್ನು ಎಬ್ಬಿಸಿ ಮಾರುಕಟ್ಟೆಗೆ ಕರೆದೊಯ್ದು, ಸೊಪ್ಪು ಚೌಕಾಸಿ ಮಾಡುವಷ್ಟು ಭಾಷೆ ಕಲಿಸಿದವರು ಅವರೇ.

ಪ್ರವಾಸಕ್ಕೆ ಒಮೊನಿಮ್ ಪಾಸ್‌ಪೋರ್ಟನ್ನು ಕೈಚೀಲಕ್ಕೆ ಹಾಕಿಕೊಂಡರು, ಅಷ್ಟೇ. ಕೊರಿಯಾದವರು ಯುರೋಪಿನ ಕ್ರೊಯೇಷಿಯಾದಲ್ಲಿ ತೊಂಬತ್ತು ದಿನ ವೀಸಾ ಇಲ್ಲದೆ ತಿರುಗಬಹುದು. ನಾನೋ ಬ್ಯಾಂಕಿನ ಕಾಗದ, ಮದುವೆಯ ಕಾಗದ, ಗಂಡನ ಸಂಬಳದ ಕಾಗದ ಹೊತ್ತು ರಾಜಧಾನಿ ಸೋಲ್‌ಗೆ ಅಲೆದು, ಬೆರಳಚ್ಚು ಕೊಟ್ಟು ವೀಸಾ ಪಡೆದವಳು. ಅದರಲ್ಲಿ ಬರೆದಿತ್ತು: ಪ್ರವೇಶ ಒಂದೇ ಸಲ.

ಐದನೆಯ ದಿನ ಬೆಳಗ್ಗೆ ಗೈಡ್ ಮೈಕು ಹಿಡಿದು, "ಇವತ್ತು ಪಕ್ಕದ ಬೋಸ್ನಿಯಾದ ಹಳೇ ಸೇತುವೆ ನೋಡಿಕೊಂಡು ಸಂಜೆಗೆ ವಾಪಸು" ಎಂದು ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿದ. ನಾನೂ ಯೋಚಿಸದೆ ಕೊಟ್ಟುಬಿಟ್ಟೆ. ನಮ್ಮಲ್ಲಿ ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿದರೆ ಹೊಳೆನರಸೀಪುರ ತಾಲ್ಲೂಕು ಎಲ್ಲಿ ಶುರುವಾಯಿತೆಂದು ಯಾರು ನೋಡುತ್ತಾರೆ? ಇಲ್ಲಿ ರಸ್ತೆಗೆ ಅಡ್ಡವಾಗಿ ಕಂಬಿಯಿತ್ತು. ಅದನ್ನು ಕಂಡೊಡನೆ ವೀಸಾದಲ್ಲಿದ್ದ ಆ ಸಾಲು ನೆನಪಾಯಿತು. ದಾಟಿದರೆ ನನ್ನ ಒಂದು ಸಲ ಮುಗಿಯಿತು. ಬೇರೆ ವೀಸಾ ಇಲ್ಲದೆ ಬೋಸ್ನಿಯಾದವರು ಒಳಗೆ ಬಿಡುವುದಿಲ್ಲ, ಕ್ರೊಯೇಷಿಯಾದವರು ವಾಪಸು ಸೇರಿಸುವುದಿಲ್ಲ.

ಗೈಡ್ ಆಗಲೇ ಅಧಿಕಾರಿಯ ಗಾಜಿನ ಕಿಟಕಿಯ ಮುಂದಿದ್ದ. ಬಸ್ಸಿಳಿದು ಓಡಿದೆ. ಕೊರಿಯನ್ ಬಾಯಿಗೆ ಬರಲೇ ಇಲ್ಲ.

"ನಂದು ಕೊಡಪ್ಪಾ! ನಾನು ಬರಾಕಿಲ್ಲ!"

ಸಮವಸ್ತ್ರದವನೊಬ್ಬ ಕೈ ಅಡ್ಡ ಹಿಡಿದ. ಅವನ ಸೊಂಟದ ಪಿಸ್ತೂಲು ಬಿಟ್ಟು ನನಗೇನೂ ಕಾಣಲಿಲ್ಲ. ಒಳಗಿನ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಎತ್ತಿ ಹಿಡಿದ. ಗೈಡ್‌ನ ಮುಖ ಬಿಳಿಚಿಕೊಂಡಿತು. "ಎರಡೂ ಕಡುನೀಲಿ... ನಿಮ್ಮದೂ ಕೊರಿಯಾದ್ದೇ ಅಂದುಕೊಂಡೆ" ಎಂದ.

"ಹೋಗುತ್ತೀರೋ, ಇರುತ್ತೀರೋ?" ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ.

"ಇರುತ್ತೇನೆ."

ಅವನು ವೀಸಾ ಪುಟವನ್ನು ತಿರುವಿ ತಿರುವಿ ನೋಡಿದ. ಕೊನೆಗೆ ಪಾಸ್‌ಪೋರ್ಟನ್ನು ಕಿಟಕಿಯಿಂದ ಈಚೆ ತಳ್ಳಿದ. ನಾನು ದೇಶ ಬಿಟ್ಟೆನೆಂದು ಇನ್ನೂ ದಾಖಲಿಸಿರಲಿಲ್ಲ.

ಸಂಜೆ ಬಸ್ಸು ಮರಳುವ ತನಕ ಗಡಿಯ ಈಚೆ ಬದಿಯ ಕಾಫಿ ಅಂಗಡಿಯಲ್ಲಿ ಕೂತಿರಲು ಗೈಡ್ ಹೇಳಿದ. ಗುರುತು ಪರಿಚಯವಿಲ್ಲದ ಗಡಿಯಲ್ಲಿ ದಿನವಿಡೀ ನಾನೊಬ್ಬಳೇ. ಅಷ್ಟರಲ್ಲಿ ಒಮೊನಿಮ್ ಕೈಚೀಲ ಹಿಡಿದು ಇಳಿದು ಬಂದು, ತಮ್ಮ ಪಾಸ್‌ಪೋರ್ಟನ್ನೂ ಗೈಡ್‌ನಿಂದ ವಾಪಸು ತೆಗೆದುಕೊಂಡರು.

"ನೀವು ಹೋಗಿ ಬನ್ನಿ, ನಿಮಗಾಗಿ ಬಂದ ಪ್ರವಾಸ" ಎಂದೆ.

"ಸೊಸೆಯನ್ನು ರಸ್ತೆಯಲ್ಲಿ ಬಿಟ್ಟು ಸೇತುವೆ ನೋಡಲಾ?"

ಬಸ್ಸು ಹೊರಟಿತು. ಸಮವಸ್ತ್ರ ಕಂಡಾಗಲೆಲ್ಲ ನಾನು ಪಾಸ್‌ಪೋರ್ಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎರಡನೆಯ ಕಾಫಿ ತಂದಿಟ್ಟು ಒಮೊನಿಮ್, "ನೀನು ನನ್ನ ಮನೆಯವಳು. ನನ್ನನ್ನು ಬಿಡುವವರು ನಿನ್ನನ್ನೇಕೆ ಬಿಡುವುದಿಲ್ಲ?" ಎಂದು ಕೇಳಿದರು.

ದೇಗುಗೆ ಮರಳಿದ ವಾರವೇ ಅವರು ಕೊರಿಯಾ ಪೌರತ್ವದ ಅರ್ಜಿ ತಂದು ಮೇಜಿನ ಮೇಲಿಟ್ಟರು. ಊರಿಗೆ ಫೋನ್ ಮಾಡಿ, ಅದು ಸಿಕ್ಕರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕೆಂದು ಅಪ್ಪನಿಗೆ ಹೇಳಿದೆ.

"ಅಂಗಾದ್ರೆ ನಮ್ಮೂರಿಗೆ ಬರಾಕೂ ಯಾರ್ನಾದ್ರೂ ಕೇಳ್ಬೇಕೇನವ್ವಾ?"

"ಅದಕ್ಕೊಂದು ಕಾರ್ಡ್ ಕೊಡ್ತಾರೆ, ಅಪ್ಪ."

"ಕೊಡ್ದಿದ್ರೆ?"

ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಅರ್ಜಿಯಲ್ಲಿ ಹುಟ್ಟಿದ ಸ್ಥಳ ಎಂಬಲ್ಲಿ ದಂಡಿಗನಹಳ್ಳಿ ಎಂದು ಕೊರಿಯನ್ ಅಕ್ಷರಗಳಲ್ಲಿ ಬರೆದಿದ್ದೇನೆ. ಒಮೊನಿಮ್ ಅದನ್ನು ಗಟ್ಟಿಯಾಗಿ ಓದಿ, ಸರಿಯಾಗಿ ಅಂದೆನೇ ಎಂದು ನನ್ನ ಮುಖ ನೋಡಿದರು. ಅವರ ಬಾಯಲ್ಲಿ ಅದು ನಾನು ಕಾಣದ ಯಾವುದೋ ಊರಿನಂತೆ ಕೇಳಿಸಿತು. ಹೌದೆಂದು ತಲೆಯಾಡಿಸಿದೆ. ಸಹಿ ಮಾತ್ರ ಇನ್ನೂ ಹಾಕಿಲ್ಲ.