ಏಳು ಹುಳು, ಇಪ್ಪತ್ತೊಂದು ತುಂಡು

1978ರ ಜುಲೈ. ಜಗಳೂರಿನ ಒಣನೆಲದಿಂದ ಹೊನ್ನಾಳಿಗೆ ವರ್ಗವಾಗಿ ಬಂದು ಒಂದೂವರೆ ತಿಂಗಳಾಗಿತ್ತು. ನನಗೆ ಇಪ್ಪತ್ನಾಲ್ಕು ವರ್ಷ, ಹುದ್ದೆ ಗ್ರಾಮಸೇವಕನದು: ಬೆಳೆ ನೋಡುವುದು, ಕೀಟಕ್ಕೆ ಉಪಾಯ ಹೇಳುವುದು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು.

ಒಂಬತ್ತನೇ ತಾರೀಖಿನ ಬೆಳಿಗ್ಗೆ ಗೌರಮ್ಮ ಹೇಳಿಕಳಿಸಿದರು. ಅವರು ಹಿತ್ತಲಿನ ಕುಂಡಗಳಲ್ಲಿ ಗುಲಾಬಿ, ಕ್ರೋಟನ್ ಸಸಿ ಬೆಳೆಸಿ ಮಾರುತ್ತಿದ್ದರು. ಎಣಿಸಿದೆ, ನೂರಾ ಹನ್ನೆರಡು ಕುಂಡ. ಒಂದನ್ನು ಎತ್ತಿದರೆ ಅಡಿಯಲ್ಲಿ ಗೇಣುದ್ದದ ಹುಳು ಅಂಟಿಕೊಂಡಿತ್ತು. ಕಂದು ಮೈ, ಬೆನ್ನುದ್ದಕ್ಕೂ ಐದು ಕಪ್ಪು ಗೆರೆ, ತಲೆ ಮಾತ್ರ ಚಪ್ಪಟೆ ಅರ್ಧಚಂದ್ರ.

“ಅಡಕೊತ್ತಿನ ಅಲಗು ಇದ್ದಂಗೈತೆ ನೋಡ್ರಿ ತಲೆ,” ಎಂದರು ಗೌರಮ್ಮ. “ಹಾವಿನ ಮರಿ ಅಂತ ಪಕ್ಕದ ಮನೆಯೋರು ಊರೆಲ್ಲ ಸಾರ್ಯಾರೆ.”

ಜಗಲಿಯಲ್ಲಿದ್ದ ಅವರ ಮೈದುನ ಸಿದ್ದಪ್ಪ ತೀರ್ಪನ್ನೇ ಕೊಟ್ಟರು: “ಹುಡುಗ್ರು ಆಡೋ ಜಾಗ ಅತ್ತಿಗೆ. ಶ್ರಾವಣದೊಳಗೆ ಇವು ಹೋಗ್ಲಿಲ್ಲ ಅಂದ್ರೆ ಕುಂಡ ಎಲ್ಲಾ ಹೊಳೆಗೆ ಹಾಕಾಕೆ ಬರ್ತೀನಿ.”

ಎಂಟು ವರ್ಷದ ಹಿತ್ತಲು ಅದು. ಗೌರಮ್ಮ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದರು. “ಜಿಗಣೆಗೆ ಹಚ್ಚಿದಂಗೆ ಇದಕ್ಕೂ ಹಚ್ಚಲೇನ್ರಿ?”

“ಸುಣ್ಣ ಮಣ್ಣಿಗೆ ಬಿದ್ದರೆ ಸಸಿ ಕೆಡುತ್ತದೆ. ಕಡಿದುಬಿಡಿ,” ಎಂದೆ. ನಾನೇ ಕುಡುಗೋಲು ತೆಗೆದುಕೊಂಡು ಸಿಕ್ಕ ಏಳು ಹುಳುಗಳನ್ನೂ ಮೂರು ಮೂರು ತುಂಡು ಮಾಡಿದೆ. ಇಪ್ಪತ್ತು ತುಂಡು ಕುಂಡಗಳ ಪಕ್ಕದ ಗೊಬ್ಬರದ ಗುಂಡಿಗೆ ಹೋದವು. ಯಾವ ಹುಳುವೆಂದು ಮುಂದೆ ನೋಡಿದರಾಯಿತೆಂದು ಒಂದು ಬಾಲದ ತುಂಡನ್ನು ಹಸಿ ಮಣ್ಣಿನೊಂದಿಗೆ ಬಾಟಲಿಗೆ ಹಾಕಿದೆ. ದಿನಚರಿಯಲ್ಲಿ ಬರೆದೆ: “ನಾಶಪಡಿಸಿದ್ದು, 7.” ಬಾಟಲಿಯನ್ನು ನನ್ನ ಕೋಣೆಯ ಕಪಾಟಿನಲ್ಲಿಟ್ಟು ಮರೆತೆ.

ಮೂರು ವಾರದ ಮೇಲೆ, ಮೂವತ್ತರಂದು ಹೋಗಿ ಕುಂಡಗಳನ್ನು ಒಂದೊಂದಾಗಿ ಎತ್ತಿದೆ. ಹದಿನಾರು ಹುಳು! ಬಹುಪಾಲು ಚಿಕ್ಕವು. ಗೌರಮ್ಮನ ಮುಖ ನೋಡಲಾಗದೆ ಕೋಣೆಗೆ ಬಂದು ಬಾಟಲಿ ತೆಗೆದೆ. ತಲೆಯೇ ಇಲ್ಲದಿದ್ದ ತುಂಡು ಗಾಜಿನ ಮೇಲೆ ಹರಿಯುತ್ತಿತ್ತು. ಅದರ ಮುಂತುದಿಯಲ್ಲಿ, ಉಗುರಿನ ಅಂಚಿನಷ್ಟು ಸಣ್ಣದಾಗಿ, ಹೊಸ ಅರ್ಧಚಂದ್ರ ಮೂಡಿತ್ತು. ತುಂಡು ಮಾಡಿದವನು ನಾನೇ. ತಲೆ ಕೊಟ್ಟವರು ಯಾರು? ದೀಪ ಹಚ್ಚುವ ಹೊತ್ತಿನ ತನಕ ಭೂತಗನ್ನಡಿ ಹಿಡಿದು ಕೂತಿದ್ದೆ.

ಮರುದಿನ ಬಾಟಲಿ ಹಿಡಿದು ದಾವಣಗೆರೆಯ ಬಸ್ಸು ಹತ್ತಿದೆ. ನನಗೆ ಪ್ರಾಣಿಶಾಸ್ತ್ರ ಕಲಿಸಿದ್ದ ಮೇಷ್ಟ್ರು ಒಂದೇ ನೋಟಕ್ಕೆ ಗುರುತಿಸಿದರು. ಹಾವಲ್ಲ, ಜಿಗಣೆಯೂ ಅಲ್ಲ. ಲ್ಯಾಂಡ್ ಪ್ಲನೇರಿಯನ್, ಅಂದರೆ ನೆಲದ ಚಪ್ಪಟೆ ಹುಳು. ಕುಲ ಬೈಪಾಲಿಯಂ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಎರೆಹುಳುವನ್ನು ತಿನ್ನುತ್ತದೆ, ಮನುಷ್ಯರನ್ನು ಕಚ್ಚುವುದಿಲ್ಲ. ಕುಂಡದ ಮಣ್ಣಿನೊಂದಿಗೆ ಊರಿಂದೂರಿಗೆ ಹೋಗುತ್ತದೆ.

“ಕಡಿದರೆ ತುಂಡು ತುಂಡೂ ಹುಳುವಾಗುತ್ತದಪ್ಪ. ಯಾವ ಪುಣ್ಯಾತ್ಮ ಕಡಿದದ್ದು?”

“ನಾನೇ ಸರ್.”

ಅದೇ ಮಾತನ್ನು ಗೌರಮ್ಮನಿಗೂ ಹೇಳಬೇಕಿತ್ತು. ಹೇಳಿದೆ. ಅವರು “ನೀವು ಹೇಳಿದ್ರಲ್ಲಿ ಇದೊಂದು ಬೆಳೆ ಚೆನ್ನಾಗಿ ಬಂತು ಬಿಡ್ರಿ,” ಎಂದು ನಕ್ಕು, ಸುಣ್ಣದ ಡಬ್ಬಿಯನ್ನು ನನ್ನ ಮುಂದಿಟ್ಟರು.

ಸುಣ್ಣವನ್ನು ಮಣ್ಣಿಗೆ ಹಾಕದೆ ಹಳೇ ತಗಡಿನ ಡಬ್ಬಿಯಲ್ಲಿ ಕಲಸಿ, ಕಡ್ಡಿಯಿಂದ ಒಂದೊಂದೇ ಹುಳುವನ್ನು ಅದಕ್ಕೆ ಬಿಟ್ಟೆವು. ಆಗಸ್ಟ್ ಒಂದರಂದು ಒಂಬತ್ತು, ಎರಡರಂದು ಐದು, ಮೂರರಂದು ಎರಡು. ನಾಲ್ಕರಂದು ಒಂದೂ ಇಲ್ಲ. ಶ್ರಾವಣ ಇನ್ನೂ ಕಾಲಿಟ್ಟಿರಲಿಲ್ಲ. ಆ ಮಳೆಗಾಲ ಮುಗಿಯುವ ತನಕ ಒಂದು ಸಸಿಯನ್ನೂ ಹೊರಗೆ ಕೊಡುವುದಿಲ್ಲವೆಂದು ಗೌರಮ್ಮ ತಾವೇ ನಿರ್ಧರಿಸಿದರು.

ಕುಂಡ ಒಯ್ಯಲು ಬಂದ ಸಿದ್ದಪ್ಪನ ಕೈಗೆ ಬಾಟಲಿ, ಭೂತಗನ್ನಡಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಇದು ಹೆಂಗೆ ಸಾಯ್ತದೆ ಅನ್ನೋದಿರಲಿ ಸ್ವಾಮಿ. ಹೆಂಗೆ ಬದುಕ್ತು?”

ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ: ದಿನಚರಿಯ ‘ನಾಶಪಡಿಸಿದ್ದು’ ಎಂಬ ಅಂಕಣವನ್ನು ಮೂರು ವಾರ ಖಾಲಿ ಬಿಡುತ್ತೇನೆ.