ಸೆರಗಿನ ಗಂಟಿನ ಬಳೆಗಳು

ಮೇಡಂ ತೊಡುತ್ತಿದ್ದ ಬಿಳಿ ಕೋಟಿನ ಕೆಳಗೆ ಸೆರಗಿನ ತುದಿಯ ಗಂಟೊಂದು ಸದಾ ಇಣುಕುತ್ತಿತ್ತು. ಅದರೊಳಗೆ ಅವರ ಬಳೆಗಳಿರುತ್ತಿದ್ದವು. ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗದ ಬಿಳಿ ಇಲಿಗಳನ್ನು ಸಾಕಿದ್ದ ಕೋಣೆಯ ಬಾಗಿಲಿಗೆ ಬಂದ ಕೂಡಲೇ ಬಳೆ ಕಳಚಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಬಳೆಯ ಸದ್ದಿಗೆ ಇಲಿಗಳು ಬೆಚ್ಚುತ್ತವೆ ಎನ್ನುತ್ತಿದ್ದರು. ನಾವು ಮುಡಿದ ಮಲ್ಲಿಗೆಯೂ ಹಚ್ಚಿಕೊಂಡ ಸೆಂಟೂ ಹೊರಗೇ ಉಳಿಯಬೇಕಿತ್ತು.

ಅವರು ಮಲೆನಾಡಿನ ಹಾನುಬಾಳು ಕಡೆಯವರು. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ. ಇಲಿಗಳ ಮುಂದೆ ಮಾತ್ರ ಊರಿನ ಮಾತು, ಅದೂ ಮೆಲ್ಲನೆ.

ನನ್ನ ಮೊದಲ ದಿನ ಒಂದು ಸೋಮವಾರ ಎಂದು ಡೈರಿಯಲ್ಲಿದೆ. ವಿಡಿಯೋದಲ್ಲಿ ಕಂಡಂತೆ ಇಲಿಯ ಬಾಲ ಹಿಡಿದು ಎತ್ತಿದೆ. ಅದು ತಿರುಗಿ ಕೈಗವಸಿನ ಮೇಲಿಂದಲೇ ಕಚ್ಚಿತು. ನಾನು ಕೈ ಕೊಡವಿದೆ, ಇಲಿ ಮೇಜಿನ ಮೇಲೆ ಬಿತ್ತು. ಮೇಡಂ ನನ್ನ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತುಂಬ ಹೊತ್ತು ತೊಳೆದರು. ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿ, ಆಮೇಲೆ ಇಲಿಯ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

"ನಿನ್ನ ಜಡೆ ಹಿಡ್ದು ಯಾರಾದ್ರೂ ಎತ್ತಿದ್ರೆ ನೀನೂ ಕಚ್ತಿದ್ದೆ ಕಣೆ," ಎಂದರು.

ಆಮೇಲೆ ಇಲಿ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಅವರು ಎತ್ತುತ್ತಿದ್ದರು, ನಾನು ತೂಕ ಬರೆದುಕೊಳ್ಳುತ್ತಿದ್ದೆ. ಒಂದು ದಿನ ತೋಟದಿಂದ ಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳು ತುಂಡೊಂದನ್ನು ಕೊಯ್ದು, ಅಂಚು ಉಜ್ಜಿ ನಯ ಮಾಡಿ ತಂದರು. ಪಂಜರದೊಳಗೆ ಅದನ್ನು ಮಲಗಿಸಿದರೆ ಇಲಿ ತಾನಾಗಿ ಒಳಹೊಗುತ್ತದೆ. ಎರಡೂ ಬದಿಗೆ ಅಂಗೈ ಅಡ್ಡ ಇಟ್ಟು ಎತ್ತಬೇಕು, ನಂತರ ಅಂಗೈಗೆ ಇಳಿಯಲು ಬಿಡಬೇಕು, ಬೀಳದಂತೆ ಮೇಜಿಗೆ ಸಮೀಪದಲ್ಲೇ. ಇಲಿ ಹೆದರಿದರೆ ಉಚ್ಚೆ ಹೊಯ್ಯುತ್ತದೆ, ಅಂಗೈ ಒದ್ದೆಯಾಗುತ್ತದೆ. ನಾನು ಎಷ್ಟು ಇಲಿ ಒಳಹೊಕ್ಕವೆಂದು ಗೆರೆ ಎಳೆಯುತ್ತ ಕೂತರೆ, "ಲೆಕ್ಕ ಆಮೇಲೆ ಬರ್ಕೊ ಮಾರಾಯ್ತಿ, ಮೊದ್ಲು ಇಲಿ ನೋಡು," ಎಂದು ಗದರುತ್ತಿದ್ದರು.

ಹಾಗೂ ಹೀಗೂ ಕಲಿತೆ. ಆದರೆ ಇಲಿ ಸ್ವಲ್ಪ ಕೊಸರಿದರೂ ಅವರ ಕೈಗೆ ದಾಟಿಸಿಬಿಡುತ್ತಿದ್ದೆ.

ಕಾಲೇಜಿನಲ್ಲಿ ಮೇಡಂ ಅವರ ಕೊನೆಯ ವರ್ಷ ಒಂದು ದಿನ ಅವರ ಅಂಗೈ ಮೇಲೆ ಇಲಿಯೊಂದು ಮುದುರಿ ಕೂತಿತು. ಅಂಗೈ ಒದ್ದೆಯಾಯಿತು. ಇನ್ನೊಂದನ್ನು ಎತ್ತಿದರು, ಅದೂ ಹಾಗೆಯೇ. ಆಗ ನನಗೆ ಅವರ ಬೆರಳುಗಳ ನಡುಕ ಕಂಡಿತು. ಡಾಕ್ಟರ ಬಳಿ ಹೋಗಿ ಬಂದಿದ್ದೇನೆ, ಇದು ವಾಸಿಯಾಗುವಂಥದ್ದಲ್ಲ ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು.

ಮುಂದಿನ ಸೋಮವಾರ ವರಾಂಡದಲ್ಲಿ ಬಳೆಯ ಸದ್ದು ಕೇಳಿಸಿತು. ತಲೆಯೆತ್ತಿ ನೋಡಿದರೆ ಮೇಡಂ ಹೊಸ್ತಿಲಾಚೆಯೇ ನಿಂತಿದ್ದರು. ಸೆರಗಿನಲ್ಲಿ ಗಂಟಿರಲಿಲ್ಲ. ಬಳೆಗಳನ್ನು ಮೊಣಕೈವರೆಗೆ ಸರಿಸಿ ಇನ್ನೊಂದು ಕೈಯಿಂದ ಅದುಮಿ ಹಿಡಿದಿದ್ದರು. ನಾನು ಒಳಗೆ ಬನ್ನಿ ಎಂದು ಕರೆದೆ.

"ನಾನು ಮುಟ್ಟಕಿಲ್ಲ ಕಣೆ. ಅವು ಹೆದರ್ಕೋತವೆ. ನೀನೇ ಎತ್ತು."

ಬಿದಿರು ಇಟ್ಟು ಕಾದೆ. ಇಲಿ ಹೊಕ್ಕಿತು. ಅಂಗೈಗೆ ಇಳಿದು ಕೊಸರಿತು. ದಾಟಿಸಲು ಯಾರೂ ಇರಲಿಲ್ಲ. ಕೈ ಅಲುಗಿಸದೆ ನಿಂತೆ. ಸ್ವಲ್ಪ ಹೊತ್ತಿಗೆ ಅದು ಕೂತು ಮೀಸೆ ಒರೆಸಿಕೊಳ್ಳತೊಡಗಿತು.

"ಕೈ ಒದ್ದೆ ಆಯ್ತಾ?"

"ಇಲ್ಲ ಮೇಡಂ."

ಈಗ ಹೊಸಬರಿಗೆ ನಾನು ಕಲಿಸುತ್ತೇನೆ. ಮೊದಲು ಕೇಳುವುದು ಅದೇ ಪ್ರಶ್ನೆ. ಅಂದು ನನ್ನ ಉತ್ತರ ಕೇಳಿ ಮೇಡಂ ತಲೆಯಾಡಿಸಿ ತಿರುಗಿ ನಡೆದರು. ವರಾಂಡ ಪೂರ್ತಿ ದಾಟುವವರೆಗೂ ಅವರ ಬಳೆ ಸದ್ದು ಮಾಡಲಿಲ್ಲ.